ಸತ್ಯಾಂಶ: ಕಾಡುಕುರಿಗಳಿಗೆ ಹೊಟ್ಟೆಹುಳ ಆಗುವುದಿಲ್ಲವೇ?

ಕಾಡುಕುರಿಗಳ (ಸಾಕದ, ಕಾಡು ಜಾತಿಯ ಕುರಿಗಳು; ಬೊಗಳುವ ಜಿಂಕೆಯಲ್ಲ) ಹೊಟ್ಟೆಯಲ್ಲಿ ಹುಳ ಇರುವುದಿಲ್ಲ, ಬೇಲಿಯೊಳಗೆ ಅವು ಸಾಯುವುದು ಬರೀ ಕೊರಗಿನಿಂದ ಎನ್ನುವ ಸಂದೇಶ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಪ್ರಾಣಿಗಳ ಮೇಲಿನ ಪ್ರೀತಿಯಿಂದಲೇ ಜನ ಹಂಚುತ್ತಾರೆ. ಆದರೆ ಮಾಹಿತಿ ತಪ್ಪು.

ಯೂರಿಯಲ್, ಅರ್ಗಾಲಿಯಂಥ ಕಾಡುಕುರಿಗಳಲ್ಲೂ ಹುಳಗಳಿರುತ್ತವೆ. ಬಯಲಿನಲ್ಲಿ ಅವು ಮೇಯುತ್ತಾ ಮುಂದೆ ಸಾಗುತ್ತವೆ. ಆವರಣದಲ್ಲಾದರೆ ಹಿಕ್ಕೆ ಬಿದ್ದ ಜಾಗದಲ್ಲೇ ಮತ್ತೆ ಮೇಯಬೇಕು. ಹಿಕ್ಕೆಯಲ್ಲಿರುವ ಮೊಟ್ಟೆ ಒಡೆದು, ಬೆಚ್ಚಗಿನ ತೇವವಿದ್ದರೆ ಸುಮಾರು ಒಂದು ವಾರದಲ್ಲಿ ಮರಿಹುಳ ಹುಲ್ಲು ಹತ್ತುತ್ತದೆ. ಹೀಮಾಂಕಸ್ ಎಂಬ ಹುಳ ಜಠರದಲ್ಲಿ ರಕ್ತ ಹೀರುತ್ತದೆ. ಹೆಣ್ಣು ಹುಳ ದಿನಕ್ಕೆ 5,000ಕ್ಕೂ ಜಾಸ್ತಿ ಮೊಟ್ಟೆ ಇಡಬಲ್ಲದು. ಕುರಿಯ ಕಣ್ಣಿನ ಒಳರೆಪ್ಪೆ ಬಿಳಿಚಿಕೊಳ್ಳುತ್ತದೆ, ದವಡೆಯ ಕೆಳಗೆ ಊತ ಬರುತ್ತದೆ. ಮರಿಗಳಿಗೆ ಅಪಾಯ ಹೆಚ್ಚು. ಸಂಖ್ಯೆ ಕಡಿಮೆಯಾಗುತ್ತಿರುವ ಪ್ರಾಣಿಯಲ್ಲಿ ಒಂದೊಂದು ಮರಿಯೂ ಮುಖ್ಯ, ಅಲ್ವಾ?

ಒತ್ತಡದಿಂದ ರೋಗ ತಡೆಯುವ ಶಕ್ತಿ ಕುಗ್ಗುವುದು ನಿಜ. ಹಾಗಂತ ಅದೊಂದೇ ಕಾರಣ ಎನ್ನಲಾಗದು.

ಇಂಥ ಸಂದೇಶ ಬಂದರೆ ಯಾವ ಜಾತಿಯ ಕುರಿ, ಎಲ್ಲಿ, ಯಾವ ವರ್ಷ ಎಂದು ಇದೆಯಾ ನೋಡಿ. ಮರಣೋತ್ತರ ಪರೀಕ್ಷೆ ಅಥವಾ ಹಿಕ್ಕೆಯಲ್ಲಿ ಮೊಟ್ಟೆ ಎಣಿಸಿದ ವರದಿಯ ಮಾತಿದೆಯಾ ಹುಡುಕಿ. ಎರಡೂ ಇಲ್ಲದಿದ್ದರೆ ಸಾವಿನ ಕಾರಣ ಬರೀ ಊಹೆ. ಪರಿಚಯದ ಪಶುವೈದ್ಯರನ್ನು ಕೇಳಿದರೂ ಸಾಕು.