ಆಂಜನೇಯನಿಗೊಂದು ಸೀಟು

ರಾಮಾಯಣ ಪಾರಾಯಣ ನಡೆಯುವಲ್ಲಿ ಒಂದು ಮಣೆಯನ್ನು ಖಾಲಿ ಬಿಡುವ ಪದ್ಧತಿ ನಮ್ಮಲ್ಲಿದೆ. ರಾಮಕಥೆ ಇದ್ದಲ್ಲಿಗೆ ಹನುಮಂತ ಬಂದು ಕೂರುತ್ತಾನೆ ಎಂಬ ನಂಬಿಕೆ. 2023ರ ಜೂನ್ 16ರಂದು ರಾಮಾಯಣದ ಕಥೆಯ ‘ಆದಿಪುರುಷ್’ ಚಿತ್ರ ತೆರೆಕಂಡಾಗ ಈ ಮಣೆ ಚಿತ್ರಮಂದಿರಕ್ಕೂ ಬಂತು. ಪ್ರತಿ ಚಿತ್ರಮಂದಿರದಲ್ಲೂ ಒಂದು ಸೀಟು ಹನುಮಂತನಿಗೆ ಮೀಸಲು, ಮಾರುವಂತಿಲ್ಲ ಎಂದು ಚಿತ್ರತಂಡ ಘೋಷಿಸಿತು. ಕುರ್ಚಿಗೆ ಕೇಸರಿ ವಸ್ತ್ರ ಹೊದಿಸಿ ಹಾರ ಹಾಕಿದರು. ಚಿತ್ರ 3ಡಿ, ಸ್ವಾಮಿಗೆ ಕನ್ನಡಕ ಕೊಟ್ಟರೋ ಇಲ್ಲವೋ ಯಾರೂ ವಿಚಾರಿಸಲಿಲ್ಲ.

ಪಾಪ, ಕರೆದು ಕೂರಿಸಿ ತೋರಿಸಿದ್ದೇನು? ಬಾಲಕ್ಕೆ ಬೆಂಕಿ ಬಿದ್ದಾಗ ತೆರೆಯ ಮೇಲಿನ ಹನುಮಂತ ಬಟ್ಟೆ, ಎಣ್ಣೆ, ಬೆಂಕಿ ಎಲ್ಲವನ್ನೂ ಎದುರಾಳಿಯ ಅಪ್ಪನ ಲೆಕ್ಕಕ್ಕೆ ಬರೆದು ಬೀದಿ ಜಗಳಕ್ಕೆ ನಿಂತ. ವಾಲ್ಮೀಕಿಯ ರಾಮನಾದರೋ ಹನುಮಂತನ ಮೊದಲ ಮಾತು ಕೇಳಿದೊಡನೆ, ಇಷ್ಟು ಮಾತನಾಡಿದರೂ ಒಂದು ಅಪಶಬ್ದ ಬರಲಿಲ್ಲ, ಇವನು ವ್ಯಾಕರಣವನ್ನು ಪೂರ್ತಿ ಓದಿದವನೇ ಸರಿ ಎಂದು ಲಕ್ಷ್ಮಣನ ಮುಂದೆ ಹೊಗಳಿದ್ದ. ಗಲಾಟೆಯಾದ ಮೇಲೆ ಸಂಭಾಷಣೆ ತಿದ್ದಿದರು: ಅಪ್ಪ ಹೋದ, ಲಂಕೆ ಬಂತು. ಅಷ್ಟರಲ್ಲಿ ಸಂಭಾಷಣೆ ಬರೆದವರು, ಹನುಮಂತ ದೇವರಲ್ಲ, ಭಕ್ತ. ದೇವರನ್ನಾಗಿ ಮಾಡಿದ್ದು ನಾವು ಎಂದು ವಾದ ಹೂಡಿದರು. ಹಾಗಿದ್ದರೆ ಟಿಕೆಟಿನ ಹಣ ವಸೂಲಿ ಮಾಡಬಹುದಿತ್ತಲ್ಲ!

1917ರಲ್ಲಿ ಫಾಲ್ಕೆಯವರ ‘ಲಂಕಾ ದಹನ’ದಲ್ಲಿ ರಾಮನೂ ಸೀತೆಯೂ ಒಬ್ಬರೇ, ಅಣ್ಣಾ ಸಾಳುಂಕೆ. ಮಾತಿಲ್ಲದ ಆ ಚಿತ್ರದಲ್ಲಿ ರಾಮ ಕಾಣಿಸಿದರೆ ಜನ ಚಪ್ಪಲಿ ಬಿಡುತ್ತಿದ್ದರಂತೆ. ಆಗ ಯಾರಿಗೂ ಸೀಟು ಕಾದಿರಿಸಿರಲಿಲ್ಲ. ಭಕ್ತಿ ಪ್ರೇಕ್ಷಕನ ಖಾತೆಯಲ್ಲಿತ್ತು, ಪ್ರಚಾರ ವಿಭಾಗಕ್ಕೆ ಇನ್ನೂ ವರ್ಗವಾಗಿರಲಿಲ್ಲ.

ಸೀತೆಯ ತಕರಾರು ಬೇರೆ. ಚಿತ್ರ ಅವಳನ್ನು ಭಾರತದ ಮಗಳು ಎಂದಿತು. ಅವಳ ತವರು ಜನಕಪುರ ನಮ್ಮಲ್ಲಿದೆ ಎಂದು ನೇಪಾಳ ಸಿಟ್ಟಾಯಿತು. ಕಠ್ಮಂಡುವಿನ ಮೇಯರ್ ಹಿಂದಿ ಚಿತ್ರಗಳನ್ನೆಲ್ಲ ನಿಲ್ಲಿಸಿದರು. ನೇಗಿಲ ಸಾಲಿನಲ್ಲಿ ಸಿಕ್ಕ ಮಗುವಿಗೆ ಪೌರತ್ವ ನೀಡಲು ಎರಡು ದೇಶಗಳು ಇಷ್ಟು ಅವಸರಪಟ್ಟಿದ್ದು ಬಹುಶಃ ಇದೊಂದೇ ಪ್ರಕರಣ.

ವಾರ ಕಳೆಯುವುದರೊಳಗೆ ಹನುಮಂತನ ಅಕ್ಕಪಕ್ಕದ ಸೀಟುಗಳೂ ಖಾಲಿಯಾದವು. 3ಡಿ ಟಿಕೆಟ್ 150 ರೂಪಾಯಿಗೆ ಇಳಿಯಿತು. ಜನ ಹೋದರು, ಪತ್ರಿಕೆಗಳೂ ಬೇರೆ ಸುದ್ದಿಗೆ ಹೋದವು. ಕೂರಿಸಿದ ದೇವರನ್ನು ಯಾರು ಎಬ್ಬಿಸಬೇಕು ಎಂಬುದು ಮಾತ್ರ ಪ್ರಕಟಣೆಯಲ್ಲಿ ಇರಲಿಲ್ಲ.

ಮುಂದಿನ ರಾಮಾಯಣ ತೆಗೆಯುವವರಲ್ಲಿ ಒಂದು ಅರಿಕೆ. ಹನುಮಂತ ಹುಟ್ಟಿದ್ದು ಆನೆಗೊಂದಿಯ ಅಂಜನಾದ್ರಿಯಲ್ಲಿ ಎಂದು ನಾವು 575 ಮೆಟ್ಟಿಲು ಹತ್ತಿ ಕೈಮುಗಿಯುತ್ತೇವೆ. 2021ರಲ್ಲಿ ತಿರುಮಲದವರು, ಅಲ್ಲ, ನಮ್ಮ ಬೆಟ್ಟದಲ್ಲಿ ಎಂದು ಘೋಷಿಸಿದ್ದಾರೆ. ಸೀಟು ಕಾದಿರಿಸುವಾಗ ದಯವಿಟ್ಟು ವಿಳಾಸದ ದಾಖಲೆ ಕೇಳಬೇಡಿ.