ಹಂಪ್ಸ್ ಬಂತು ಸಾರ್!

ಕೋಪನ್‌ಹೇಗನ್ನಿನಲ್ಲಿ ಇದು ನನಗೆ ಒಂಬತ್ತನೇ ಚಳಿಗಾಲ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಎಂಟೂವರೆ ಹೊತ್ತಿಗೆ. ನಾನು ಎಂಟಕ್ಕೇ ಸೈಕಲ್ ಹತ್ತಬೇಕು. ನೊರೆಬ್ರೊ ಬೀದಿಯ ಕತ್ತಲಲ್ಲಿ ಸಾಲು ಸಾಲು ಕೆಂಪು ದೀಪ ಮುಂದೆ ಓಡುತ್ತಿರುತ್ತವೆ. ಅದರಲ್ಲಿ ಒಂದನ್ನು ಸುಮ್ನೆ ಗುರಿ ಮಾಡಿಕೊಳ್ಳುತ್ತೇನೆ. ಇವತ್ತು ಈ ಹಳದಿ ಜಾಕೆಟ್ಟಿನವನನ್ನು ಸೇತುವೆ ಬರುವುದರೊಳಗೆ ಹಿಂದೆ ಹಾಕಬೇಕು. ಅವನಿಗೂ ಅದು ಗೊತ್ತಾಗುತ್ತದೆ, ಜೋರಾಗಿ ತುಳಿಯುತ್ತಾನೆ. ಆದರೆ ತಿರುಗಿ ನೋಡುವುದಿಲ್ಲ. ಸಿಗ್ನಲ್ಲಿನಲ್ಲಿ ಪಕ್ಕಪಕ್ಕ ನಿಂತಾಗ ಇಬ್ಬರೂ ಏದುಸಿರು ಅದುಮಿಕೊಂಡು, ಯಾವ ಆತುರವೂ ಇಲ್ಲದವರ ಹಾಗೆ ಎಲ್ಲೋ ನೋಡುತ್ತೇವೆ.

ಮಜಾ ಏನು ಗೊತ್ತಾ, ಈ ರೇಸು ಗೆಲ್ಲುವುದಕ್ಕೇ ಆಗುವುದಿಲ್ಲ. ಆ ಬೀದಿಯ ಸಿಗ್ನಲ್ಲುಗಳನ್ನು ಗಂಟೆಗೆ 20 ಕಿಲೋಮೀಟರ್ ಹೋಗುವ ಸೈಕಲ್ಲಿಗೆ ಹೊಂದಿಸಿದ್ದಾರೆ. ಬೆಳಿಗ್ಗೆ ಪೇಟೆ ಕಡೆಗೆ, ಸಂಜೆ ಮನೆ ಕಡೆಗೆ. ಅದೇ ಹದದಲ್ಲಿ ಹೋದರೆ ಒಂದರ ಹಿಂದೊಂದು ಹಸಿರು. ಜಾಸ್ತಿ ತುಳಿದವನಿಗೆ ಮುಂದಿನದು ಕೆಂಪು. ನಾವಿಬ್ಬರೂ ಅಲ್ಲಿ ಕಾಲೂರಿ ನಿಂತಿರುವಾಗ, ಬುಟ್ಟಿಯಲ್ಲಿ ಬ್ರೆಡ್ಡು ಇಟ್ಟುಕೊಂಡ ಒಬ್ಬರು ಅಜ್ಜಿ ನಿಧಾನಕ್ಕೆ ಬರುತ್ತಾರೆ, ದೀಪ ಹಸಿರಾಗುತ್ತದೆ, ಕಾಲು ನೆಲಕ್ಕೆ ಮುಟ್ಟಿಸದೆ ಹೋಗಿಬಿಡುತ್ತಾರೆ.

ಹಿಮ ಬಿದ್ದರೆ ಪುಟ್ಟ ಗಾಡಿಗಳು ಬಂದು ಸೈಕಲ್ ದಾರಿ ಗುಡಿಸಿ ಉಪ್ಪುನೀರು ಹಾಕುತ್ತವೆ. ಆ ಉಪ್ಪು ನನ್ನ ಎರಡು ಚೈನು ತಿಂದಿದೆ. ಆದರೂ ಕಣ್ಣಿಗೆ ಕಾಣದ ಐಸು ಅಲ್ಲಲ್ಲಿ ಉಳಿದಿರುತ್ತದೆ. ತಿರುವಿನಲ್ಲಿ ಮುಂದಿನ ಬ್ರೇಕು ಮುಟ್ಟಬಾರದು. ನಾನು ಒಮ್ಮೆ ಮುಟ್ಟಿದೆ, ಮೊಣಕೈ ಕಿತ್ತುಹೋಯಿತು. ಹಳದಿ ಜಾಕೆಟ್ಟಿನವನೇ ನಿಂತು ಎಬ್ಬಿಸಿದ, ಪೆಟ್ಟಾಯಿತಾ ಅಂತ ಕೇಳಿದ. ರೇಸಿನ ಮಾತು ಮಾತ್ರ ಎತ್ತಲಿಲ್ಲ.

ಹೋದ ಡಿಸೆಂಬರಿನಲ್ಲಿ ಚಿಕ್ಕಮಗಳೂರಿಗೆ ಹೋಗಿದ್ದೆ. ನಮ್ಮ ಮನೆ ಹಿರೇಮಗಳೂರಿನಲ್ಲಿ. ಅಣ್ಣನಿಗೆ ಹುಷಾರಿರಲಿಲ್ಲ, ಪೇಟೆಯ ಅಂಗಡಿ ಬಾಗಿಲು ತೆಗೆಯಲು ವಾರವಿಡೀ ನಾನೇ ಹೋಗಬೇಕಾಯಿತು. ಅವನ ಮಗನ ಗೇರ್ ಸೈಕಲ್ ಇತ್ತು. ಹಿರಿ ಮಗಳ ಊರಿಂದ ಕಿರಿ ಮಗಳ ಊರಿಗೆ, ಎಷ್ಟು ಮಹಾ ದೂರ! ಹದಿನಾಲ್ಕು ಹದಿನೈದು ಡಿಗ್ರಿ, ನಮ್ಮವರಿಗೆ ನಡುಗುವ ಚಳಿ. ಡೆನ್ಮಾರ್ಕಿನಲ್ಲಾದರೆ ಜನ ಜಾಕೆಟ್ ಬಿಚ್ಚುತ್ತಾರೆ. ಆದರೆ ಮಂಜು! ಗಿರಿ ಹಾಗಿರಲಿ, ಎದುರಿನ ಲೈಟು ಕಂಬವೂ ಕಾಣುತ್ತಿರಲಿಲ್ಲ.

ಆ ಮಂಜಿನಲ್ಲಿ ಮಂಕಿ ಕ್ಯಾಪಿನ ಒಬ್ಬರು ನನ್ನನ್ನು ದಾಟಿದರು. ಕಾಫಿ ಕ್ಯೂರಿಂಗ್ ಕೆಲಸಕ್ಕೆ ಹೋಗುವವರಂತೆ. ದಾಟುವಾಗಲೇ, "ಏನ್ ಸಾರ್, ಗೇರು ಬರೀ ಶೋಕಿಗಾ?" ಅಂದರು. ರೇಸು ಶುರುವಾಗಿದೆ ಅಂತ ಇಷ್ಟು ಸ್ಪಷ್ಟವಾಗಿ ಒಂಬತ್ತು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ!

ಅವರು ಕಾಣುತ್ತಿರಲಿಲ್ಲ, ಕೇಳಿಸುತ್ತಿದ್ದರು. ಹ್ಯಾಂಡಲ್ಲಿಗೆ ನೇತುಹಾಕಿದ ಟಿಫಿನ್ ಡಬ್ಬ ಟಣ್ ಟಣ್ ಅಂತ ಬಡಿಯುತ್ತಿತ್ತು. ಸದ್ದು ಸಣ್ಣದಾದರೆ ನಾನು ಹಿಂದೆ ಬಿದ್ದೆ ಅಂತ ಲೆಕ್ಕ. ಹತ್ತಿರ ಹೋದೆ ಅನ್ನುವಷ್ಟರಲ್ಲಿ ಮುಂದಿನಿಂದ ಕೂಗು ಬಂತು: "ಹಂಪ್ಸ್ ಬಂತು ಸಾರ್!" ಸೀಟಿನಿಂದ ಎದ್ದೆ, ಬದುಕಿದೆ. ಆ ರಸ್ತೆಯ ಉಬ್ಬು ತಗ್ಗೆಲ್ಲ ಅವರಿಗೆ ಬಾಯಿಪಾಠ. ಕಾಫಿ ಹಣ್ಣು ಕುಯ್ಯಲು ಹೆಂಗಸರನ್ನು ತುಂಬಿಕೊಂಡು ಹೊರಟ ಪಿಕಪ್ ಒಂದು ಪಕ್ಕದಲ್ಲೇ ಹೋಯಿತು. "ಬಿಡ್ಬೇಡ ಕಣಣ್ಣಾ!" ಅಂತ ಒಳಗಿಂದ ಯಾರೋ ಕೂಗಿದರು. ಯಾರಿಗೆ ಹೇಳಿದರೋ, ನನಗೇ ಅಂದುಕೊಂಡೆ. ಆದರೂ ಸೋತೆ. ಹೋಟೆಲ್ ಮುಂದೆ ಅವರು ಸ್ಟ್ಯಾಂಡ್ ಹಾಕಿ ಕಾಯುತ್ತಿದ್ದರು. "ಸೋತೋರು ಕಾಫಿ ಕೊಡಿಸ್ಬೇಕು," ಅಂದರು. ಬೈಟು ಕುಡಿದೆವು.

ಊರಲ್ಲಿ ಸ್ನೇಹಿತರು ಹೇಳುತ್ತಾರೆ, ಅಲ್ಲಿಯವರಿಗೆ ಶಿಸ್ತು ರಕ್ತದಲ್ಲೇ ಇದೆ, ನಮ್ಮವರಿಗೆ ಇಲ್ಲ ಅಂತ. ನಾನು ಒಪ್ಪುವುದಿಲ್ಲ. ಕೋಪನ್‌ಹೇಗನ್ನಿನಲ್ಲಿ ಕಾರಿನ ರಸ್ತೆಗೂ ಸೈಕಲ್ ದಾರಿಗೂ ನಡುವೆ ನಾಲ್ಕು ಬೆರಳು ಎತ್ತರದ ಕಲ್ಲಿನ ಅಂಚು ಇದೆ. ಶಿಸ್ತಿನಲ್ಲಿ ಅರ್ಧ ಆ ಕಲ್ಲಿನದು. ಊರಲ್ಲಿ ನಮಗಿರುವುದು ಮಾಸಿದ ಬಿಳಿ ಗೆರೆ, ಅದರಾಚೆ ಜಲ್ಲಿ. ಕಾಣದ ರಸ್ತೆಯಲ್ಲಿ, ಎದುರಾಳಿಗೆ ಮುಂದೆ ಹಂಪ್ಸ್ ಇದೆ ಅಂತ ಕೂಗಿ ಹೇಳಿದವರನ್ನು ಶಿಸ್ತಿಲ್ಲದವರು ಅನ್ನಲಾ? ಶನಿವಾರ ಅವರು ರೇಸಿಗೆ ಬರಲಿಲ್ಲ. "ಗಿರಿ ನೋಡೋಕೆ ಬರೋ ಕಾರುಗಳು ಜಾಸ್ತಿ ಸಾರ್, ಇವತ್ತು ಬೇಡ," ಅಂದು ಪಕ್ಕಕ್ಕೆ ಸರಿದು ನಿಧಾನಕ್ಕೆ ಹೋದರು. ಆ ಕಲ್ಲಿನ ಅಂಚೊಂದು ನಮ್ಮ ರಸ್ತೆಗೂ ಇದ್ದಿದ್ದರೆ ಶನಿವಾರವೂ ನಾನು ಸೋಲಬಹುದಿತ್ತು.

ಜನವರಿಯಲ್ಲಿ ವಾಪಸ್ ಬಂದೆ. ಮೊದಲ ವಾರವೇ ಹಿಮ. ಒಂದು ಬೆಳಿಗ್ಗೆ ಹಳದಿ ಜಾಕೆಟ್ಟಿನವನು ನನ್ನ ಹಿಂದೆ ಬಿದ್ದಿದ್ದ. ಕೆರೆಯ ಸೇತುವೆ ಹತ್ತಿರ ಐಸು ಮಿಂಚಿದ್ದು ಕಂಡಿತು. ಬಾಯಿಗೆ ಬಂದದ್ದೇ ಕೂಗಿದೆ: "ನೋಡ್ಕೊಂಡ್ ಬನ್ನಿ ಸಾರ್!"

ಅವನಿಗೆ ಏನು ಅರ್ಥವಾಯಿತೋ, ಪೆಡಲ್ ಮಾಡುವುದು ನಿಲ್ಲಿಸಿದ.