ಫೋನಿಗೆ ಮೌನವ್ರತ

ಆಂಡ್ರಾಯ್ಡ್ ಬದಲು ಲಿನಕ್ಸ್ ಓಡುವ ಪೈನ್‌ಫೋನ್ ಅನ್ನೋ ಮೊಬೈಲ್ ಮನೆಗೆ ಬಂದ ಭಾನುವಾರವೇ ಭಾವಮೈದನೂ ಊಟಕ್ಕೆ ಬಂದಿದ್ದ. ತೋರಿಸದೆ ಬಿಡೋಕಾಗುತ್ತಾ? ಹಿಂದಿನ ಕವರನ್ನು ಉಗುರಿನಿಂದ ಎಬ್ಬಿಸಿ, ಒಳಗಿದ್ದ ಆರು ಪುಟಾಣಿ ಸ್ವಿಚ್ ತೋರಿಸಿದೆ. "ನೋಡು, ಒಂದನೇದು ಮೋಡೆಮ್ಮಿಗೆ, ಅಂದ್ರೆ ಸಿಮ್ಮಿನ ನೆಟ್‌ವರ್ಕ್ ಹಿಡಿಯೋ ಭಾಗಕ್ಕೆ, ಎರಡನೇದು ವೈಫೈಗೆ, ಮೂರನೇದು ಮೈಕಿಗೆ. ಆಫ್ ಮಾಡಿದ್ರೆ ಯಾವ ಆ್ಯಪ್ಪೂ ಕದ್ದು ಕೇಳೋ ಹಾಗಿಲ್ಲ" ಅಂತ ಹೆಂಡತಿಯ ಸೇಫ್ಟಿ ಪಿನ್ನಿಂದ ಟಿಕ್ ಟಿಕ್ ಅನ್ನಿಸಿ ಭಾಷಣ ಬಿಗಿದೆ.

"ಭಾವ, ಇದ್ರಲ್ಲಿ ಯುಪಿಐ ಬರುತ್ತಾ?" ಅಂದ. ನಾನು ಇನ್ನೊಂದು ಸೌಟು ಪಾಯಸ ಹಾಕಿಸಿಕೊಂಡೆ.

ಸಿಮ್ ಹಾಕಿದ್ದು ಮರುವಾರ. ನನ್ನ ಹತ್ತಿರ ಇದ್ದದ್ದು ನ್ಯಾನೋ, ಅದಕ್ಕೆ ಬೇಕಾದದ್ದು ಮೈಕ್ರೋ. ಅಡಾಪ್ಟರ್ ಹುಡುಕಿ, ಕವರ್ ತೆಗೆದು, ಒಳಗೆ ತುರುಕಿದೆ. ಸಿಗ್ನಲ್ ಇಲ್ಲ. ಆಜ್ಞೆ ಟೈಪ್ ಮಾಡುವ ಟರ್ಮಿನಲ್ಲಿನಲ್ಲಿ, ಮೋಡೆಮ್ ವಿಚಾರಿಸುವ ಎಂಎಂಸಿಎಲ್‌ಐ ಹೊಡೆದರೆ ಯಾವ ಮೋಡೆಮ್ಮೂ ಸಿಗಲಿಲ್ಲ ಅಂದಿತು. ಮೋಡೆಮ್ ನೋಡಿಕೊಳ್ಳುವ ಮೋಡೆಮ್‌ಮ್ಯಾನೇಜರ್ ಪ್ರೋಗ್ರಾಮನ್ನು ಮಲಗಿಸಿ ಎಬ್ಬಿಸಿದೆ. ಊಹೂಂ. ಕೆಲಸದವರೇ ಇಲ್ಲದ ಆಫೀಸಿನಲ್ಲಿ ಮ್ಯಾನೇಜರ್ ಕೂತ ಹಾಗೆ ಸುಮ್ನೆ ಕೂತಿತ್ತು.

ಈ ಫೋನಿನ ಮೋಡೆಮ್ ಬೇರೆಯದೇ ಒಂದು ಕಂಪ್ಯೂಟರ್. ಅದರೊಳಗೆ ಅದರದ್ದೇ ಒಂದು ಲಿನಕ್ಸ್! ಫೋನಿಗೂ ಅದಕ್ಕೂ ಒಳಗೊಳಗೇ ಯುಎಸ್‌ಬಿ ಸಂಬಂಧ. ಯುಎಸ್‌ಬಿ ಸಾಧನಗಳ ಪಟ್ಟಿಯಲ್ಲಿ ಮೋಡೆಮ್ ತಯಾರಿಸಿದ ಕ್ವೆಕ್ಟೆಲ್ ಅನ್ನೋ ಹೆಸರು ಕಾಣಬೇಕಿತ್ತು, ಕಾಣಲಿಲ್ಲ. ಮೂರು ರಾತ್ರಿ ಲಾಗ್ ಓದಿದೆ. ಲಿನಕ್ಸಿನ ತಿರುಳಾದ ಕರ್ನಲ್ ಬದಲಾಯಿಸಿದೆ. ಇಡೀ ಸಿಸ್ಟಮ್ಮನ್ನೇ ಹೊಸದಾಗಿ ಹಾಕಿದೆ.

"ಅಮ್ಮನ ಕೀಪ್ಯಾಡ್ ಫೋನಿಗೆ ಸಿಮ್ ಹಾಕಿದ ತಕ್ಷಣ ರಿಂಗ್ ಆಯ್ತಲ್ರೀ" ಅಂದಳು ಹೆಂಡತಿ. ಗಾಯಕ್ಕೆ ಉಪ್ಪು ಅಂದರೆ ಇದೇ ಅಲ್ವಾ?

ನಾಲ್ಕನೇ ರಾತ್ರಿ ಸಿಮ್ ಸಡಿಲವಾಗಿದೆಯೇನೋ ಅಂತ ಮತ್ತೆ ಕವರ್ ತೆಗೆದೆ. ಒಂದನೇ ಸ್ವಿಚ್ ಆಫ್. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಊರೆಲ್ಲ ಹುಡುಕಿದ್ದೆ! ಯಾರಿಗೂ ಕಾಣದ ಹಾಗೆ ಪಿನ್ನಿಂದ ಆನ್ ಮಾಡಿ, ಕವರ್ ಮುಚ್ಚಿದೆ.

ಫೋನ್ ಎದ್ದಮೇಲೆ ಮೋಡೆಮ್ ಏಳಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಮೋಡೆಮ್ಮನ್ನು ಮಾತಾಡಿಸಲು ಎ ಟಿ ಅಂತ ಟೈಪ್ ಮಾಡಿದೆ. ಓಕೆ ಅಂದಿತು. 1981ರ ಹೇಯ್ಸ್ ಮೋಡೆಮ್ಮಿನ ಕಾಲದ ಭಾಷೆ ಇದು, ಇಂದಿಗೂ ಅದರಲ್ಲೇ ಮಾತು. ಆ ಎರಡಕ್ಷರದ ಓಕೆ ನೋಡಿ ಕಣ್ಣು ತುಂಬಿ ಬಂತು. ಇಂಟರ್ನೆಟ್ಟಿಗೆ ಬೇಕಾದ ಎಪಿಎನ್ ಸೆಟ್ಟಿಂಗ್ ತುಂಬಿಸಿದೆ, ಡೇಟಾನೂ ಬಂತು.

ಬೆಳಿಗ್ಗೆ ತಿಪಟೂರಿನಿಂದ ಅಮ್ಮನ ಫೋನ್. ರಿಂಗ್ ಆಯ್ತು! ಮನೆಯವರನ್ನೆಲ್ಲ ಕೂಗಿ ಕರೆದು, ಎಲ್ಲರ ಮುಂದೆ ಎತ್ತಿದೆ.

"ಹಲೋ, ಅಮ್ಮಾ!"

"ಹಲೋ? ಹಲೋ? ಮಾತಾಡೋ..."

ನಾನು ಕಿರುಚಿದೆ. ಅಮ್ಮ ಇಟ್ಟೇಬಿಟ್ಟರು. ಎರಡು ನಿಮಿಷಕ್ಕೆ ಹೆಂಡತಿಯ ಫೋನ್ ಹೊಡೆದುಕೊಂಡಿತು. ಅವಳು ಹೂಂ, ಹೂಂ ಅನ್ನುತ್ತಾ ಕೇಳಿಸಿಕೊಂಡು, ನನ್ನ ಕಡೆ ತಿರುಗಿದಳು.

"ಅತ್ತೆ ಕೇಳ್ತಿದಾರೆ, ಅವರ ಮೇಲೆ ನಿಮಗೇನು ಕೋಪ ಅಂತೆ?"

ನಾನು ಮೂರನೇ ಸ್ವಿಚ್ಚಿಗೆ ಸೇಫ್ಟಿ ಪಿನ್ ಹುಡುಕುತ್ತಿದ್ದೆ.